ಬಾಟಲಿ ಮುಟ್ಟಿದ ಕೈಗಳು

ನಿವೃತ್ತನಾಗಿ ರಾಯಚೂರಿಗೆ ಬಂದ ಮೇಲೆ ನನ್ನನ್ನು ಬಿಡದೆ ಕಾಡಿದ ಪ್ರಶ್ನೆ ಒಂದಿದೆ. ತೀನ್ ಕಂದೀಲ್ ವೃತ್ತದ ಹತ್ತಿರ ಚಹಾ ಕುಡಿಯಲು ಕೂತರೆ ಸಾಕು, ಮಾನ್ವಿಯಲ್ಲಿ ನನ್ನ ಜೊತೆ ಓದಿದ ವಿರುಪಾಕ್ಷಿ ಶುರು ಮಾಡುತ್ತಾನೆ.

"ಅಲ್ಲಲೇ ಶರಣ್ಯಾ, ಇಷ್ಟ ವರ್ಷ ಸಮುದ್ರದಾಗ ಏನ್ ಮಾಡ್ತಿದ್ದಿ? ಮೀನ ಹಿಡೀತಿದ್ದೇನು?"

"ಇಲ್ಲೋ, ನೀರು ನೋಡ್ತಿದ್ದೆ."

"ನೀರು ನೋಡಾಕ ಸರ್ಕಾರ ಪಗಾರ ಕೊಡತದ?"

ಕೊಡುತ್ತದೆ. ಕರಾವಳಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ತಾಂತ್ರಿಕ ಸಹಾಯಕನಾಗಿ ಸೇರಿ, ಅಲ್ಲೇ ನಿವೃತ್ತನಾದೆ. ಊರಲ್ಲಿ ಕೆಲವರು ನನ್ನನ್ನು ಸಮುದ್ರ ವಿಜ್ಞಾನಿ ಎಂದು ಪರಿಚಯಿಸುತ್ತಾರೆ. ಅದು ಸುಳ್ಳು. ವಿಜ್ಞಾನಿಗಳು ಬೇರೆ ಇದ್ದರು. ನಾನು ಅವರಿಗಾಗಿ ನೀರು ತೆಗೆದು, ಸೋಸಿ, ಅದರಲ್ಲಿ ಏನಿದೆ ಎಷ್ಟಿದೆ ಎಂದು ಅಳೆದು ಕೊಡುತ್ತಿದ್ದೆ. ದಿನದ ಅರ್ಧ ಹೊತ್ತು ಬಾಟಲಿ ತೊಳೆಯುವುದರಲ್ಲೇ ಹೋಗುತ್ತಿತ್ತು.

ಈಗ ದೇವದುರ್ಗ, ಮಾನ್ವಿ ಕಡೆಯ ಹುಡುಗ ಹುಡುಗಿಯರೂ ಇಂಥ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾರೆ. ಯಾವ ಪರೀಕ್ಷೆ, ಎಷ್ಟು ಪಗಾರ, ಹಡಗಿನಲ್ಲಿ ವಾಂತಿ ಆಗುತ್ತದೆಯೇ ಎಂದು ಕೇಳುತ್ತಾರೆ. ಆಗುತ್ತದೆ, ಮೂರು ನಾಲ್ಕು ದಿನಕ್ಕೆ ಒಗ್ಗಿಹೋಗುತ್ತದೆ. ನನಗೆ ಹೇಳಬೇಕೆನಿಸುವುದು ಬೇರೆ. ಈ ಕೆಲಸದಲ್ಲಿ ನಾನು ಪಟ್ಟ ನಾಚಿಕೆಯ ಬಗ್ಗೆ ಯಾರೂ ಕೇಳಿಲ್ಲ, ಕೇಳುವುದೂ ಇಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಕೆಲಸ ಏನು ಎಂದು ತಿಳಿಯಬೇಕು. ಡಯಾಟಮ್ ಅಂದರೆ ಬರಿಗಣ್ಣಿಗೆ ಕಾಣದ, ಒಂದೇ ಜೀವಕೋಶದ ಪಾಚಿ. ಅದು ತನ್ನ ಸುತ್ತ ಗಾಜಿನಂಥ ಚಿಪ್ಪು ಕಟ್ಟಿಕೊಳ್ಳುತ್ತದೆ. ಆ ಚಿಪ್ಪಿಗೆ ಸಿಲಿಕಾ ಬೇಕು, ಅಂದರೆ ಮರಳಿನಲ್ಲಿರುವ ವಸ್ತುವೇ, ಆದರೆ ನೀರಿನಲ್ಲಿ ಕರಗಿರಬೇಕು. ಕರಗಿದ್ದನ್ನು ಸಿಲಿಕೇಟ್ ಅನ್ನುತ್ತೇವೆ. ಇದರ ಜೊತೆ ನೈಟ್ರೇಟ್, ಫಾಸ್ಫೇಟ್, ಚೂರು ಕಬ್ಬಿಣವೂ ಬೇಕು. ಸಮುದ್ರದ ಎಷ್ಟೋ ಮೀನು, ಸೀಗಡಿಗಳ ಊಟ ಶುರುವಾಗುವುದು ಈ ಡಯಾಟಮ್‌ನಿಂದ.

ನಮ್ಮ ಸುತ್ತಿನ ಬಿಸಿ ಸಮುದ್ರಗಳು ನೋಡಲು ಬಹಳ ಚಂದ, ಕಣ್ಣು ಹಾಯಿಸಿದಷ್ಟೂ ನೀಲಿ. ಆ ನೀಲಿ ಬಡತನದ ಗುರುತು ಎಂದು ನನಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮೇಲೆ. ವರ್ಷವಿಡೀ ಬಿಸಿಲಿಗೆ ಕಾದ ಮೇಲಿನ ನೀರು ಹಗುರಾಗಿ, ಕೆಳಗಿನ ತಣ್ಣನೆಯ ನೀರಿನ ಮೇಲೆ ಹಾಲಿನ ಕೆನೆಯ ಹಾಗೆ ನಿಂತುಬಿಡುತ್ತದೆ. ಸತ್ತದ್ದೆಲ್ಲ ಕೆಳಗಿಳಿದು ಕೊಳೆತು ಗೊಬ್ಬರವಾಗುತ್ತದೆ, ಗೊಬ್ಬರ ಕೆಳಗೇ ಉಳಿಯುತ್ತದೆ. ಮೇಲೆ ಬೆಳಕಿದೆ, ಆಹಾರವಿಲ್ಲ. ಕೆಳಗೆ ಆಹಾರವಿದೆ, ಬೆಳಕಿಲ್ಲ. ಗಾಳಿ ಜೋರಾಗಿ ಬೀಸಿ ನೀರು ಕಲಕಿದಾಗ ಮಾತ್ರ ಡಯಾಟಮ್‌ಗಳು ಎದ್ದು ಬೆಳೆಯುತ್ತವೆ. ಬಂಗಾಳ ಕೊಲ್ಲಿಯಲ್ಲಿ ಹೊಳೆಗಳ ಸಿಹಿನೀರು ಮೇಲೆ ಹರಡಿ ಆ ಮುಚ್ಚಳ ಇನ್ನಷ್ಟು ಬಿಗಿಯಾಗುತ್ತದೆ. ನಮ್ಮ ಕೃಷ್ಣೆ, ತುಂಗಭದ್ರೆಯ ನೀರೂ ಕೊನೆಗೆ ಸೇರುವುದು ಅಲ್ಲಿಗೇ. ಹೊಳೆಗಳು ತಂದ ಸಿಲಿಕೇಟ್ ದಂಡೆಯ ಹತ್ತಿರವೇ ಬಹುಪಾಲು ಖರ್ಚಾಗಿ, ನಡುಗಡಲಿಗೆ ಮುಟ್ಟುವುದು ಕಡಿಮೆ.

ಯಾವ ಆಹಾರ ಮೊದಲು ತೀರುತ್ತದೋ ಅದೇ ಬೆಳವಣಿಗೆಯನ್ನು ತಡೆದು ನಿಲ್ಲಿಸುತ್ತದೆ. ಅದು ಯಾವುದು ಎಂದು ಕಂಡುಹಿಡಿಯುವುದೇ ನಮ್ಮ ಕೆಲಸ. ಇಷ್ಟು ಹೇಳಿದ ಮೇಲೆ ವಿರುಪಾಕ್ಷಿ, "ಯೂರಿಯಾ ಎಷ್ಟ ಚೆಲ್ಲಿದ್ರೂ ಡಿಎಪಿ ಇಲ್ಲಂದ್ರ ಭತ್ತ ಏಳಂಗಿಲ್ಲ, ಹಂಗನು?" ಅಂದ. ಹಾಗೆಯೇ ಅಂದೆ. ಆಮೇಲೆ ಅವನು ಮೀನಿನ ಮಾತು ಬಿಟ್ಟಿದ್ದಾನೆ.

ನನ್ನ ಮೊದಲ ಎಡವಟ್ಟು ಸೇರಿದ ಹೊಸದರಲ್ಲೇ ಆಯಿತು. ಸಮುದ್ರದಿಂದ ತಂದ ನೀರು ಮಬ್ಬು ಪ್ಲಾಸ್ಟಿಕ್ ಬಾಟಲಿಗಳಲ್ಲಿತ್ತು. ನನಗೆ ಅದು ಕೊಳಕಾಗಿ ಕಂಡಿತು. ಒಳ್ಳೆಯ ಗಾಜಿನ ಬಾಟಲಿ ಹುಡುಕಿ, ಫಳಫಳ ತೊಳೆದು, ಎಲ್ಲವನ್ನೂ ಅದಕ್ಕೆ ಸುರಿದಿಟ್ಟೆ. ನಮ್ಮ ಮುಖ್ಯಸ್ಥರು ಡಾಕ್ಟರ್ ಕಾಮತ್, ಕುಮಟಾ ಕಡೆಯವರು. ಶಹಬ್ಬಾಸ್ ಅನ್ನುತ್ತಾರೆಂದು ಕಾದು ನಿಂತೆ. ಅವರು ಬಾಟಲಿ ಎತ್ತಿ ಬೆಳಕಿಗೆ ಹಿಡಿದರು.

"ಶರಣಪ್ಪ, ಗಾಜು ಯಾವುದರಿಂದ ಮಾಡ್ತಾರೆ ಗೊತ್ತುಂಟಾ?"

"ಮರಳಿನಿಂದ್ರೀ."

"ಹಾಗಾದ್ರೆ ಸಿಲಿಕಾ ಅಳೆಯೋ ನೀರನ್ನು ಸಿಲಿಕಾದ ಬಾಟ್ಲಿಯಲ್ಲೇ ಇಟ್ಟಿದ್ದೀರಲ್ಲ ಮಾರಾಯ್ರೇ!"

ಗಾಜಿನಿಂದ ಸ್ವಲ್ಪ ಸ್ವಲ್ಪ ಸಿಲಿಕಾ ನೀರಿಗೆ ಇಳಿಯುತ್ತದೆ. ನಡುಗಡಲಿನ ನೀರು ಎಷ್ಟು ಬಡವಾಗಿರುತ್ತದೆಂದರೆ, ಆ ಸ್ವಲ್ಪವೇ ಅಲ್ಲಿ ಸಿರಿತನ. ಒಂದು ಇಡೀ ಪ್ರವಾಸದ ನೀರು ಹಾಳಾಯಿತು. ಸಾಹೇಬರು ಕೂಗಾಡಲಿಲ್ಲ. ಆದರೆ ಊಟದ ಕೋಣೆಯಲ್ಲಿ ವಾರಗಟ್ಟಲೆ ನಾನು 'ಗಾಜಿನ ಶರಣಪ್ಪ' ಆದೆ. ತಲೆ ತಗ್ಗಿಸಿ ಉಂಡು ಏಳುತ್ತಿದ್ದೆ.

ಆ ಅವಮಾನ ನನ್ನನ್ನು ಒಳ್ಳೆಯ ಕೆಲಸಗಾರನನ್ನಾಗಿ ಮಾಡಿತು, ಕೆಟ್ಟ ಮನುಷ್ಯನನ್ನೂ ಮಾಡಿತು. ಸ್ವಚ್ಛತೆಯ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಅನ್ನಿಸಿಕೊಳ್ಳಬೇಕೆಂಬ ಹುಚ್ಚು ಹತ್ತಿತು. ಬಾಟಲಿಗಳನ್ನು ಆಮ್ಲದಲ್ಲಿ ನೆನೆಸಿ, ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ಜಾಲಾಡಿಸುತ್ತಿದ್ದೆ. ಪ್ರಯೋಗಾಲಯಕ್ಕೆ ಪೌಡರ್ ಹಚ್ಚಿಕೊಂಡು ಬಂದವರನ್ನು ಬಾಗಿಲಿನಿಂದಲೇ ವಾಪಸು ಕಳಿಸುತ್ತಿದ್ದೆ. ಬೀಡಿ ಸೇದಿ ಬಂದರೆ ಒಳಗೆ ಬಿಡುತ್ತಿರಲಿಲ್ಲ. 'ಮುಟ್ಟಬೇಡಿ' ಎಂಬ ಮಾತು ದಿನಕ್ಕೆ ಎಷ್ಟು ಸಲ ನನ್ನ ಬಾಯಿಂದ ಬರುತ್ತಿತ್ತೋ ಲೆಕ್ಕವಿಲ್ಲ. ಹೊಸಬರು ನನ್ನನ್ನು ಕಂಡರೆ ಹೆದರುತ್ತಿದ್ದರು, ನನಗದು ಹಿತವಾಗಿತ್ತು.

ಸುಜಾತಾ ಬಂದದ್ದು ಇಂಥ ದಿನಗಳಲ್ಲಿ. ದೇವದುರ್ಗ ತಾಲೂಕಿನ ಜಾಲಹಳ್ಳಿಯವಳು. ಅಪ್ಪ ಅವ್ವ ಕೂಲಿ ಮಾಡುವವರು, ಮನೆಯಲ್ಲಿ ಬುದ್ಧನ ಫೋಟೊ ಇಟ್ಟುಕೊಂಡ ಜನ. ಫೆಲೋಶಿಪ್ ಪಡೆದು ಪಿಎಚ್.ಡಿ. ಮಾಡಲು ಬಂದಿದ್ದಳು. ಆ ಸಂಸ್ಥೆಯಲ್ಲಿ ನಮ್ಮ ಕಡೆಯ ಕನ್ನಡ ಆಡುವವರು ಒಬ್ಬರೂ ಇರಲಿಲ್ಲ. ಅವಳು ಮೊದಲ ದಿನ "ಸರ್, ನಾ ಎಲ್ಲಿ ಕುಂದರ್ಲಿರಿ?" ಅಂದಾಗ ನನ್ನ ಕಿವಿಗೆ ಜೀವ ಬಂದಂತಾಯಿತು. ಮನೆಯಿಂದ ಬಂದಿದ್ದ ಖಟಕ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ಅವಳ ಕೈಗೇ ಕೊಟ್ಟೆನೋ, ಮೇಜಿನ ಮೇಲೆ ಇಟ್ಟೆನೋ, ಎಷ್ಟು ಯೋಚಿಸಿದರೂ ಈಗ ನೆನಪಾಗುವುದಿಲ್ಲ.

ಅವಳ ಥೀಸಿಸ್‌ನ ಪ್ರಶ್ನೆ ಸರಳವಾಗಿತ್ತು. ನಡುಗಡಲಿನ ನೀರಿಗೆ ನೈಟ್ರೇಟ್, ಫಾಸ್ಫೇಟ್ ಕೊಟ್ಟರೆ ಡಯಾಟಮ್ ಬೆಳೆಯುತ್ತದೆಯೇ, ಅಥವಾ ಸಿಲಿಕೇಟ್ ಇಲ್ಲದೆ ಅಲ್ಲೇ ನಿಲ್ಲುತ್ತದೆಯೇ? ಇದನ್ನು ಕುರ್ಚಿಯಲ್ಲಿ ಕೂತು ಹೇಳಲಾಗದು, ಸಮುದ್ರಕ್ಕೇ ಹೋಗಬೇಕು. ಹಡಗು ಸಿಗುವುದು ಅಪರೂಪ, ಸಿಕ್ಕರೂ ಒಂದು ಜಾಗದಲ್ಲಿ ನಿಲ್ಲುವುದು ಕೆಲವೇ ದಿನ. ಬಂಗಾಳ ಕೊಲ್ಲಿಯ ಆ ಪ್ರವಾಸದಲ್ಲಿ ಅವಳಿಗೆ ಜಾಗ ಸಿಕ್ಕಿತು. ಅದು ಕೈತಪ್ಪಿದರೆ ಮತ್ತೆ ಯಾವಾಗಲೋ ಗೊತ್ತಿರಲಿಲ್ಲ, ಫೆಲೋಶಿಪ್ ಅಷ್ಟು ಕಾಯುವುದಿಲ್ಲ.

ಹಡಗಿನ ಡೆಕ್ ಮೇಲೆ ದೊಡ್ಡ ತೊಟ್ಟಿಗಳಲ್ಲಿ ಸಮುದ್ರದ ನೀರು ಹರಿಸಿ, ಅದರಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಕ್ಯಾನುಗಳನ್ನು ತೇಲಿಬಿಟ್ಟೆವು. ಕೆಲವಕ್ಕೆ ಏನೂ ಹಾಕಲಿಲ್ಲ. ಕೆಲವಕ್ಕೆ ನೈಟ್ರೇಟ್ ಮತ್ತು ಫಾಸ್ಫೇಟ್. ಉಳಿದವಕ್ಕೆ ಅವೆರಡರ ಜೊತೆ ಸಿಲಿಕೇಟ್. ನೀರು ತುಂಬಿದವನು ನಾನು. ಸಿಲಿಕೇಟ್ ದ್ರಾವಣ ತಯಾರಿಸಿದವಳು ಸುಜಾತಾ. ನಮ್ಮ ಜೊತೆ ಕೇರಳದ ಒಬ್ಬ ಹುಡುಗ, ಗೋವಾದ ಒಬ್ಬ ಸಹಾಯಕ ಇದ್ದರು. ಮೇಲ್ವಿಚಾರಣೆಗೆ ಕಾಮತ್ ಸಾಹೇಬರೂ ಬಂದಿದ್ದರು.

ಕೆಲವು ದಿನ ಕಳೆದ ಮೇಲೆ ನೋಡಿದರೆ, ಏನೂ ಹಾಕದ ಕ್ಯಾನುಗಳು ಇದ್ದ ಹಾಗೇ ಇದ್ದವು, ಅದು ಸರಿ. ಸಿಲಿಕೇಟ್ ಹಾಕಿದವು ಕಂದು ಬಣ್ಣಕ್ಕೆ ತಿರುಗಿದ್ದವು, ಅದೂ ಸರಿ. ಆದರೆ ಸಿಲಿಕೇಟ್ ಇಲ್ಲದೆ ನೈಟ್ರೇಟ್, ಫಾಸ್ಫೇಟ್ ಮಾತ್ರ ಹಾಕಿದ ಕ್ಯಾನುಗಳೂ ಕಂದಾಗಿದ್ದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತುಂಬ ಡಯಾಟಮ್. ಆ ನೀರನ್ನು ಅಳೆದೆ. ಇರಬಾರದಷ್ಟು ಸಿಲಿಕೇಟ್ ಇತ್ತು. ಯಾರದೋ ಕೈಯಿಂದ ಒಳಗೆ ಬಿದ್ದಿದೆ ಎಂಬುದರಲ್ಲಿ ಅನುಮಾನವೇ ಉಳಿಯಲಿಲ್ಲ.

ಆ ಕೈ ನನ್ನದಾಗಿರಬಹುದು ಎಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ದ್ರಾವಣ ಮಾಡಿದವಳು ಅವಳು, ಹೊಸಬಳು, ಅವಳೇ ಸರಿಯಾಗಿ ತೊಳೆದುಕೊಂಡಿಲ್ಲ. ಅವಳು ಒಂದು ಕ್ಯಾನಿನ ಮುಚ್ಚಳ ತೆಗೆಯಲು ಬಗ್ಗಿದ್ದಳು. ಎಲ್ಲರೂ ಅಲ್ಲೇ ನಿಂತಿದ್ದರು. ನಾನು ಕೂಗಿದೆ, ಅದೂ ನಮ್ಮೂರ ಮಾತಿನಲ್ಲಿ.

"ಏ, ಮುಟ್ಟಬ್ಯಾಡ! ನಿನ್ನ ಕೈಯಿಂದಾನ ಎಲ್ಲಾ ಹೊಲಸಾಗೇದ. ದೂರ ನಿಂದ್ರು."

ಕೇರಳದವನಿಗೆ ತಿಳಿಯಲಿಲ್ಲ. ಗೋವಾದವನಿಗೂ ಅಷ್ಟೇ. ಕಾಮತ್ ಸಾಹೇಬರಿಗೆ ಕನ್ನಡ ತಿಳಿಯುತ್ತಿತ್ತು, ಆದರೆ ನಾನು ದಿನವೂ ಎಲ್ಲರಿಗೂ ಅನ್ನುವ ಮಾತೇ ಎಂದುಕೊಂಡರು. ಮಾನ್ವಿಯ ಶರಣಪ್ಪ ಜಾಲಹಳ್ಳಿಯ ಕೂಲಿಯವರ ಮಗಳಿಗೆ ಆ ಮಾತು ಅಂದರೆ ಅದು ಏನಾಗುತ್ತದೆ ಎಂಬುದು ಆ ಹಡಗಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

"ಆತ್ರೀ ಸರ್," ಅಂದಳು. ಅಂದು ಹಿಂದೆ ಸರಿದು ನಿಂತಳು. ಎಷ್ಟು ಸಲೀಸಾಗಿ ಸರಿದಳೆಂದರೆ, ಆ ಹುಡುಗಿಗೆ ಅದು ಚಿಕ್ಕಂದಿನಿಂದ ರೂಢಿಯಿದ್ದ ಕೆಲಸ ಎಂದು ನೋಡಿದವರಿಗೆ ತಿಳಿಯುವಂತಿತ್ತು. ನೋಡಿದವನು ನಾನೊಬ್ಬನೇ. ನೋಡಿಯೂ ಕ್ಯಾನುಗಳ ಮುಚ್ಚಳ ಬಿಗಿ ಮಾಡತೊಡಗಿದೆ.

ಕಾರಣ ಸಿಗುವವರೆಗೆ ಅವಳು ಕ್ಯಾನುಗಳ ಹತ್ತಿರ ಹೋಗುವುದು ಬೇಡ ಎಂದು ಸಾಹೇಬರು ಹೇಳಿದರು. ಹೇಳಿಸಿದವನು ನಾನು. ತನ್ನ ಪ್ರಯೋಗವನ್ನು ಅವಳು ಡೆಕ್‌ನ ಕಂಬಿಗೆ ಒರಗಿ ದೂರದಿಂದ ನೋಡುತ್ತ ಕೂತಳು.

ಸಾಹೇಬರು ಮಾತಿಗಿಂತ ಪರೀಕ್ಷೆಯನ್ನು ನಂಬುವವರು. ಬಾಟಲಿ, ಕ್ಯಾನು ಮುಟ್ಟಿದ ನಾಲ್ವರೂ ಮಾಮೂಲಿನಂತೆ ಕೈ ತೊಳೆದು ಬಂದು, ತಲಾ ಒಂದೊಂದು ಪ್ಲಾಸ್ಟಿಕ್ ಲೋಟದ ಶುದ್ಧ ನೀರಿನಲ್ಲಿ ಬೆರಳು ಅದ್ದಿ ಜಾಲಾಡಿಸಬೇಕು ಅಂದರು. ಲೋಟಗಳನ್ನು ಮುಚ್ಚಿಟ್ಟು, ಮರುದಿನ ಬೆಳಿಗ್ಗೆ ತಾವೇ ಔಷಧ ಹಾಕಿದರು. ಸಿಲಿಕೇಟ್ ಇದ್ದರೆ ನೀರು ನೀಲಿಯಾಗುತ್ತದೆ, ಇಲ್ಲದಿದ್ದರೆ ಇಲ್ಲ. ಈಗ ಇದನ್ನೆಲ್ಲ ಯಂತ್ರ ಮಾಡುತ್ತದೆ, ಪರದೆಯ ಮೇಲೆ ಅಂಕಿ ಬರುತ್ತದೆ. ಆಗ ಬಣ್ಣ ಎಲ್ಲರ ಕಣ್ಣೆದುರೇ ಏರುತ್ತಿತ್ತು.

ಸುಜಾತಾಳ ಲೋಟದ ನೀರು ನೀರಾಗಿಯೇ ಉಳಿಯಿತು. ಇನ್ನಿಬ್ಬರದು ಕಂಡೂ ಕಾಣದ ಹಾಗೆ. ನನ್ನದು ನೀಲಿಯಾಯಿತು, ಆಗುತ್ತಲೇ ಹೋಯಿತು.

ನನಗೆ ನಂಬಿಕೆ ಬರಲಿಲ್ಲ. ಲೋಟ ಅದಲುಬದಲಾಗಿದೆ ಅಂದೆ. ಸಾಹೇಬರು ನನ್ನ ಮುಖ ನೋಡಿದರು, ಹಣೆ ನೋಡಿದರು, ಮಡಚಿದ ತೋಳಿನ ಕೆಳಗೆ ಮೊಣಕೈ ನೋಡಿದರು. ಹಣೆ, ಕುತ್ತಿಗೆ, ತೋಳುಗಳ ಮೇಲೆ ಮೂರೆಳೆ ವಿಭೂತಿ ಹಚ್ಚಿಕೊಳ್ಳದೆ ನಾನು ನೀರು ಸಹ ಕುಡಿಯುತ್ತಿರಲಿಲ್ಲ. ಹಡಗು ಹೊರಡುವ ದಿನ ಕ್ಯಾನುಗಳ ಮುಚ್ಚಳಕ್ಕೂ ಒಂದೊಂದು ಎಳೆ ಹಚ್ಚಿದ್ದೆ, ಒಳ್ಳೆಯದಾಗಲಿ ಎಂದು. ಕೈ ತೊಳೆದ ಮೇಲೆ ಹಣೆಯ ವಿಭೂತಿ ಸರಿಯಿದೆಯೇ ಎಂದು ಮುಟ್ಟಿ ನೋಡಿಕೊಳ್ಳುವುದು ನನ್ನ ಅಭ್ಯಾಸ.

"ಇದನ್ನು ಯಾವುದರಿಂದ ಮಾಡ್ತಾರೆ?"

"ಆಕಳ ಸಗಣಿ ಸುಟ್ಟು ಮಾಡ್ತಾರ್ರೀ."

"ನಿಮ್ಮ ಊರಲ್ಲಿ ಆಕಳು ಎಂತ ತಿಂತದೆ?"

"ಭತ್ತದ ಹುಲ್ಲು."

ಹೇಳುವಾಗಲೇ ನನಗೆ ಅರ್ಥವಾಯಿತು. ಭತ್ತದ ಹುಲ್ಲಿನಲ್ಲಿ, ಹೊಟ್ಟಿನಲ್ಲಿ ಸಿಲಿಕಾ ತುಂಬಿರುತ್ತದೆ. ಮಾನ್ವಿಯಲ್ಲಿ ನಮ್ಮ ಕಾಕಾನ ಅಕ್ಕಿ ಗಿರಣಿಯ ಹಿಂದೆ ಹೊಟ್ಟಿನ ಬೂದಿಯ ಗುಡ್ಡೆಗಳಲ್ಲೇ ಆಡಿ ಬೆಳೆದವನು ನಾನು. ಅದೇ ಹುಲ್ಲು ಆಕಳ ಹೊಟ್ಟೆಗೆ ಹೋಗಿ, ಸಗಣಿಯಾಗಿ, ಸುಟ್ಟು ಬೂದಿಯಾಗಿ ನನ್ನ ಹಣೆಗೆ ಬಂದಿತ್ತು. ಪೌಡರ್, ಬೀಡಿ, ಧೂಳು ಎಂದು ಊರವರನ್ನೆಲ್ಲ ಜಾಲಾಡಿದ ನನಗೆ ವಿಭೂತಿಯೂ ಬೂದಿ ಎಂದು ಹೊಳೆದಿರಲಿಲ್ಲ. ನನ್ನ ಮಟ್ಟಿಗೆ ಲೋಕದಲ್ಲಿ ಅದಕ್ಕಿಂತ ಶುದ್ಧವಾದದ್ದು ಇರಲಿಲ್ಲ.

ಸಾಹೇಬರು ಜೋರಾಗಿ ನಕ್ಕರು. "ಶಿವ ಡಯಾಟಮ್‌ಗಳಿಗೆ ಪ್ರಸಾದ ಹಂಚಿದ್ದಾನೆ ಮಾರಾಯ್ರೇ!" ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳಿದಾಗ ಉಳಿದವರೂ ನಕ್ಕರು. ನಾನೂ ನಕ್ಕೆ. ಹಣೆ ಒರೆಸಿಕೊಂಡು ಸಾಹೇಬರ ಮುಂದೆ ಕೈ ಮುಗಿದು ತಪ್ಪಾಯಿತು ಅಂದೆ. ಅವರ ಹಿಂದೆ ಸುಜಾತಾ ನಿಂತಿದ್ದಳು. ಅವಳ ಕಡೆ ತಿರುಗಲಿಲ್ಲ.

ಹೊಸದಾಗಿ ನೀರು ತುಂಬಿ ಪ್ರಯೋಗ ಮತ್ತೆ ಹೂಡಿದೆವು. ಅದು ಮುಗಿಯುವ ಮೊದಲೇ ಹಡಗು ಹೊರಡಬೇಕಾಯಿತು. ಅವಳಿಗೆ ಸಿಕ್ಕಿದ್ದು ಅರ್ಧ ಉತ್ತರ. ಉಳಿದ ಅರ್ಧಕ್ಕೆ ಇನ್ನೊಂದು ಹಡಗು ಸಿಗುವವರೆಗೆ ಕಾದಳು, ಅಷ್ಟರಲ್ಲಿ ಫೆಲೋಶಿಪ್ ಮುಗಿಯಿತು. ಜೊತೆಯವರು ನೌಕರಿ ಹಿಡಿದು ಹೋದರು. ಈಕೆ ಸಂಜೆ ಟ್ಯೂಷನ್ ಹೇಳಿ, ಹಗಲು ನಮ್ಮ ಪ್ರಯೋಗಾಲಯದಲ್ಲಿ ದುಡಿದಳು. ಎರಡನೆಯ ಪ್ರವಾಸದಲ್ಲಿ ಉತ್ತರ ಸಿಕ್ಕಿತು. ನೈಟ್ರೇಟ್ ಎಷ್ಟು ಕೊಟ್ಟರೂ ಆ ನೀರಿನಲ್ಲಿ ಸಿಲಿಕೇಟ್ ತೀರಿದ ಕೂಡಲೇ ಡಯಾಟಮ್ ಬೆಳೆಯುವುದು ನಿಲ್ಲುತ್ತಿತ್ತು, ಚಿಪ್ಪಿಲ್ಲದ ಸಣ್ಣ ಪಾಚಿಗಳು ಆ ಜಾಗ ಹಿಡಿಯುತ್ತಿದ್ದವು. ಆ ಪ್ರವಾಸಕ್ಕೆ ನಾನೇ ನೀರು ತುಂಬಿಕೊಟ್ಟೆ, ಬರಿಯ ಹಣೆಯಲ್ಲಿ. ಅಷ್ಟು ದಿನ ಜೊತೆಗಿದ್ದೂ ಕೇಳಬೇಕಾದ ಕ್ಷಮೆ ಕೇಳಲಿಲ್ಲ. ಒಂದು ದಿನ ತಡವಾಯಿತು, ಆಮೇಲೆ ಒಂದು ವರ್ಷ, ಆಮೇಲೆ ಈಗ ಕೇಳಿದರೆ ಚೆನ್ನಾಗಿರುವುದಿಲ್ಲ ಅನ್ನಿಸಿತು.

ವಿಭೂತಿಯ ಕಥೆ ಮಾತ್ರ ಸಂಸ್ಥೆಯಲ್ಲಿ ಹೆಸರುವಾಸಿಯಾಯಿತು. ಹೊಸಬರು ಬಂದಾಗ, ಯಾರಾದರೂ ನಿವೃತ್ತರಾದಾಗ, "ಶರಣಪ್ಪನವರೇ, ಆ ಪ್ರಸಾದದ ಕಥೆ ಹೇಳಿ" ಅನ್ನುತ್ತಿದ್ದರು. ಬಹಳ ಚೆನ್ನಾಗಿ ಹೇಳುತ್ತಿದ್ದೆ. ಎಲ್ಲಿ ತಡೆದರೆ ನಗೆ ಬರುತ್ತದೆ ಎಂದು ಗೊತ್ತಿತ್ತು. ನನ್ನ ಬೀಳ್ಕೊಡುಗೆಯಲ್ಲೂ ಹೇಳಿದೆ. ಅಷ್ಟು ಸಲದಲ್ಲಿ ಒಮ್ಮೆಯೂ ಸುಜಾತಾ ಆ ಕಥೆಯೊಳಗೆ ಬರಲಿಲ್ಲ. ಅವಳನ್ನು ಸೇರಿಸಿದರೆ ಅದು ನಗುವ ಕಥೆಯಾಗಿ ಉಳಿಯುತ್ತಿರಲಿಲ್ಲ.

ಈಚೆಗೆ ಇಲ್ಲೇ ಹತ್ತಿರದ ಯರಗೇರಾದ ವಿಶ್ವವಿದ್ಯಾಲಯದಿಂದ ಫೋನು ಬಂತು. "ಸರ್, ನಾನ್ರೀ, ಸುಜಾತಾ. ಇಲ್ಲೇ ಕ್ಯಾಂಪಸ್ಸಿನ್ಯಾಗ ಪಾಠ ಮಾಡಾಕತ್ತೀನಿ. ನಮ್ಮ ಹುಡುಗ್ರಿಗೆ ಹಡಗಿನ ಕೆಲಸದ ಬಗ್ಗೆ ಒಂದೀಟು ಹೇಳ್ತೀರೇನ್ರೀ?" ಬಸ್ಸು ಹತ್ತಿ ಹೋದೆ. ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ನಗು ಮಾತ್ರ ಹಳೆಯದೇ. ವಿದ್ಯಾರ್ಥಿಗಳಿಗೆ ನನ್ನನ್ನು ಪರಿಚಯಿಸುವಾಗ, "ಬಾಟ್ಲಿ ತೊಳೆಯೋದು ಹ್ಯಾಂಗ ಅಂತ ನನಗ ಕಲಿಸಿದವ್ರು ಇವ್ರು" ಅಂದಳು. ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ.

ಮಾತಾಡುತ್ತ ಮಾತಾಡುತ್ತ ನಾಲಿಗೆ ತನ್ನ ಅಭ್ಯಾಸದಂತೆ ವಿಭೂತಿಯ ಕಥೆಗೆ ಹೊರಳಿತು. ತಡೆಯಬೇಕಿತ್ತು, ತಡೆಯಲಿಲ್ಲ. ಹುಡುಗರು ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿ ಅವಳೂ ನಗುತ್ತಿದ್ದಳು. ಅವಳೆದುರೇ ಅವಳನ್ನು ಬಿಟ್ಟು ಆ ಕಥೆ ಹೇಳಿದ್ದೆ. ಇಂಥ ಮುಖ ಹೊತ್ತುಕೊಂಡು ಇವತ್ತು ಮನೆಗೆ ಹೋಗಲಾರೆ ಅನ್ನಿಸಿತು.

ಅವಳ ಕೋಣೆಯಲ್ಲಿ ಚಹಾ ಬಂತು. ಬಾಗಿಲು ಮುಂದೆ ಮಾಡಿ ಬಂದು, ಎದುರು ನಿಂತುಕೊಂಡೇ ಹೇಳಿದೆ.

"ಸುಜಾತಾ, ಅವತ್ತ ಡೆಕ್ ಮ್ಯಾಲೆ ಎಲ್ಲಾರ ಮುಂದ ನಿನಗ ಮುಟ್ಟಬ್ಯಾಡ, ನಿನ್ನ ಕೈಯಿಂದ ಹೊಲಸಾಗೇದ, ದೂರ ನಿಂದ್ರು ಅಂದಿದ್ದೆ. ಅದು ಲ್ಯಾಬಿನ ಮಾತಲ್ಲ. ನಮ್ಮ ಮನಿಯೊಳಗ ಕಲ್ತಿದ್ದ ಮಾತು. ಅವತ್ತಿಂದ ಇವತ್ತಿನ ತನಕ ನಾ ನಿನ್ನ ಕ್ಷಮಾ ಕೇಳ್ಲಿಲ್ಲ. ಈಗ ಕೇಳ್ತೀನಿ, ತಂಗಿ. ತಪ್ಪಾತು."

ಅವಳು ಕಪ್ಪು ಕೆಳಗಿಟ್ಟಳು. ಏನೋ ಹುಡುಕುವವಳಂತೆ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದಳು. ಸಿಟ್ಟಾಗುತ್ತಾಳೆ ಅಂದುಕೊಂಡೆ, ಇಲ್ಲವೇ ಇರಲಿ ಬಿಡ್ರಿ ಅನ್ನುತ್ತಾಳೆ. ಎರಡಕ್ಕೂ ಸಿದ್ಧನಾಗಿದ್ದೆ. ನಿಜ ಹೇಳಬೇಕೆಂದರೆ, ಎದೆಯ ಭಾರ ಇಳಿಯತೊಡಗಿತ್ತು.

"ಬೂದಿ ಬಿದ್ದಿದ್ದು ನೆನಪದ್ರೀ ಸರ್," ಅಂದಳು. "ಹಡಗ ಹೊಂಟಿದ್ದೂ ನೆನಪದ. ಈ ಮಾತು ನೆನಪಿದ್ದಿಲ್ಲ. ಸಣ್ಣಾಕಿ ಇದ್ದಾಗಿಂದ ಎಷ್ಟೋ ಮಂದಿ ಅಂದಾರ. ನಿಮ್ಮದು ಅದ್ರಾಗ ಎಲ್ಲೋ ಕಳದು ಹೋಗಿತ್ತು. ನೀವು ಒಬ್ರು ಮಾತ್ರ ಅಂದಿಲ್ಲ ಅಂತ ತಿಳಕೊಂಡಿದ್ದೆ."

ಆಮೇಲೆ ನನ್ನ ಮುಖವನ್ನು ಹೊಸದಾಗಿ ನೋಡುವವಳಂತೆ ನೋಡಿದಳು.

"ಈಗ ನೀವು ಹೇಳಿದ್ಮ್ಯಾಲೆ ನೆನಪಾತು ನೋಡ್ರಿ."